ಪಟಾಕಿಗೆ ಮುಂಚೆ

ಆನೆ ಓಡಿಸಲು ಕಾಡಂಚಿನಲ್ಲಿ ಹೊಡೆದ ಪಟಾಕಿಯ ಸದ್ದಿಗೆ ರಾಮಮ್ಮ ಕಾಫಿ ಗಿಡದ ಬುಡದಲ್ಲೇ ಕುಸಿದು ಕೂತಳು. ಗಿಡದಡಿ ಹಾಸಬೇಕೆಂದು ಹಿಡಿದಿದ್ದ ಪ್ಲಾಸ್ಟಿಕ್ ಹಾಳೆ ಕೈಯಿಂದ ಜಾರಿತು.

ಆಳುಗಳ ಲೆಕ್ಕ ಬರೆಯುವ ಎಸ್ಟೇಟಿನ ರೈಟರ್ ಅಶ್ವಥ್ ಓಡಿ ಬಂದ. "ಏನಿಲ್ಲ ಅಮ್ಮಾ, ಕೆಳಗಡೆ ಒಂದು ಆನೆನೂ ಇಲ್ಲ. ನೀವು ಬರ್ತೀರ ಅಂತಾನೇ ಇವತ್ತು ದೊಡ್ಡ ಪಟಾಕಿ ಹೊಡೆಸಿದ್ದು. ಇನ್ನೊಂದು ಹೊಡೆಸ್ಲಾ?"

ರಾಮಮ್ಮ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡಳು.

ಹೋದ ವರ್ಷ ಹಣ್ಣು ಕೀಳುವ ಪಿಕ್ಕಿಂಗ್ ಸಮಯದಲ್ಲಿ, ಇದೇ ತೋಟದಲ್ಲಿ, ಅವಳ ಪಕ್ಕದ ಸಾಲಿನಲ್ಲಿದ್ದ ಸಿದ್ದಣ್ಣನನ್ನು ಆನೆ ತುಳಿದು ಕೊಂದಿತ್ತು. ಇಬ್ಬರೂ ಕುಶಾಲನಗರದ ಹತ್ತಿರದ ಒಂದೇ ಊರಿನವರು, ಒಂದೇ ಜೀಪಿನಲ್ಲಿ ಬರುತ್ತಿದ್ದವರು. ಆಮೇಲೆ ರಾಮಮ್ಮ ಮನೆಯ ಬೇಲಿ ದಾಟಿದ್ದೇ ಕಡಿಮೆ. ಇವತ್ತು ಮತ್ತೆ ತೋಟದಲ್ಲಿ ನಿಲ್ಲಲು ಆಗದಿದ್ದರೆ ಇನ್ನು ಮನೆ ಬಿಟ್ಟು ಕದಲುವುದಿಲ್ಲ ಎಂದು ಬೆಳಿಗ್ಗೆ ಜೀಪು ಹತ್ತುವಾಗಲೇ ಗೆಳತಿ ಗಂಗೆಗೆ ಹೇಳಿದ್ದಳು.

ಗಂಗೆ ತನ್ನ ಸಾಲು ಬಿಟ್ಟು ಬಂದು ರಾಮಮ್ಮನ ಪಕ್ಕ ನೆಲದ ಮೇಲೆ ಕೂತಳು. ಹೆದರಬೇಡ ಎನ್ನಲಿಲ್ಲ. ಕೈಗೆಟುಕಿದ ಗೊಂಚಲಿನಿಂದ ಒಂದು ಹಣ್ಣು ಕಿತ್ತು ಗೆಳತಿಯ ಅಂಗೈಯಲ್ಲಿಟ್ಟಳು.

"ತಣ್ಣಗದೆ ನೋಡಕ್ಕ. ಇಬ್ಬನಿ ಇನ್ನೂ ಆರಿಲ್ಲ."

ರಾಮಮ್ಮನ ಬೆರಳು ಹಣ್ಣನ್ನು ನಿಧಾನವಾಗಿ ಉರುಳಿಸಿತು.

"ಪಾಪ, ಜೀಪಲ್ಲಿ ವಾಪಸ್ ಕಳಿಸ್ಬಿಡೋಣ," ಎಂದ ಅಶ್ವಥ್, ಗಂಗೆಯ ಕಡೆ ನೋಡಿ.

"ನನ್ನೇನ್ ಕೇಳ್ತೀರಿ ರೈಟ್ರೇ? ಅಕ್ಕ ಇಲ್ಲೇ ಕೂತವ್ಳಲ್ಲ, ಅವಳ್ನೇ ಕೇಳಿ."

ಅಶ್ವಥ್ ತಬ್ಬಿಬ್ಬಾದ. ಏನು ಕೇಳಬೇಕೆಂದು ತಿಳಿಯದೆ ಅವನೂ ಕುಕ್ಕರಗಾಲಲ್ಲಿ ಕೂತ. ಮೇಲಿನ ಸಾಲುಗಳಲ್ಲಿ ಹಾಳೆ ಎಳೆಯುವ ಸರಸರ ಸದ್ದು ಶುರುವಾಗಿತ್ತು.

"ಅವತ್ತೂ ಹೊಡೆಸಿದ್ರಿ," ಎಂದಳು ರಾಮಮ್ಮ ಕೊನೆಗೆ. "ಹಳ್ಳದಲ್ಲಿ ಸುಮ್ನೆ ನಿಂತಿತ್ತು ಆನೆ. ಪಟಾಕಿ ಢಂ ಅಂದದ್ದೇ ಮೇಲಕ್ಕೆ ನುಗ್ತು. ನಿಮಗೆಲ್ಲ ಈ ಸದ್ದು ಅಂದ್ರೆ ಆನೆ ಹೋಯ್ತು ಅಂತ. ನಂಗೆ ಬಂತು ಅಂತ."

ಅಶ್ವಥ್ ತಲೆ ತಗ್ಗಿಸಿದ. ಇಡೀ ವರ್ಷ ಈ ಮಾತನ್ನು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ, ಗಂಗೆಯೂ.

"ಹಾಗಾದ್ರೆ... ಹೊಡೆಸೋದೇ ಬೇಡ್ವಾ?"

"ಅಯ್ಯೋ, ಹೊಡೆಸ್ದಿದ್ರೆ ಹೆಂಗೆ, ಬಾಕಿಯೋರ ಗತಿ? ಹೊಡ್ಸಿ. ಮುಂಚೆ ನಂಗೊಂದ್ ಮಾತು ಹೇಳಿ. ನಾನು ಹೂಂ ಅಂದ್ಮೇಲೆ ಹೊಡ್ಸಿ." ಮತ್ತೆ ಸೇರಿಸಿದಳು: "ಗಂಗೆ ನನ್ ಸಾಲಲ್ಲೇ ಇರ್ಲಿ."

ಒಬ್ಬರಿಗೆ ಒಂದು ಸಾಲು ಎಂಬುದು ಆ ತೋಟದ ನಿಯಮ. ಒಂದೇ ಗಿಡಕ್ಕೆ ಇಬ್ಬರು ನಿಂತರೆ ಕೆಲಸಕ್ಕಿಂತ ಮಾತೇ ಜಾಸ್ತಿ ಎಂದು ರೈಟರೇ ದಿನಾ ಗದರುತ್ತಿದ್ದ. ಅವನು ಗಂಗೆಯನ್ನು ನೋಡಿದ.

"ಇವಳು ಬಾಯಿ ಮುಚ್ಚಲ್ಲ, ಗೊತ್ತಲ್ಲ?"

"ಅದೇ ಬೇಕಾಗಿರೋದು," ಎಂದಳು ರಾಮಮ್ಮ.

ಆ ದಿನ ಇಬ್ಬರೂ ಸೇರಿ ಒಬ್ಬರ ಕೆಲಸವನ್ನೂ ಮುಗಿಸಲಿಲ್ಲ. ಮಾರನೆಯ ದಿನ ರಾಮಮ್ಮ ಬರಲಿಲ್ಲ. ಅದರ ಮಾರನೆಯ ದಿನ ಜೀಪು ಹಾರ್ನ್ ಮಾಡುವ ಮೊದಲೇ ರಸ್ತೆಯಲ್ಲಿ ನಿಂತಿದ್ದಳು. ಪಟಾಕಿ ಹೊಡೆಯುವವನು ಕಾಡಂಚಿಗೆ ಇಳಿಯುವ ಮೊದಲು ಅಶ್ವಥ್ ಅವಳ ಸಾಲಿಗೆ ಬಂದು ನಿಲ್ಲುವುದು ರೂಢಿಯಾಯಿತು. ಕೆಲವು ಸಲ ಅವಳು "ತಡೀರಿ" ಎನ್ನುತ್ತಿದ್ದಳು. ಪಟಾಕಿ ಸಿಡಿಯದೆ ಕೆಲಸ ಶುರುವಾಗದು; ಆಗ ಇಡೀ ತೋಟ ತಡೆಯುತ್ತಿತ್ತು. ಮೊದಮೊದಲು ಗೊಣಗಿದ ಹೆಂಗಸರೂ ಆಮೇಲೆ ಆ ಬಿಡುವಿನಲ್ಲಿ ಎಲೆಅಡಿಕೆ ಹಾಕಿಕೊಳ್ಳತೊಡಗಿದರು.

ಪಿಕ್ಕಿಂಗ್ ಮುಗಿಯುತ್ತಾ ಬಂದ ಒಂದು ಬೆಳಿಗ್ಗೆ ಅಶ್ವಥ್ ಬಂದಾಗ ರಾಮಮ್ಮ ಕೊಂಬೆ ಬಗ್ಗಿಸಿ ಹಿಡಿದಿದ್ದಳು.

"ಹೂಂ," ಎಂದಳು, ತಿರುಗದೆ.

ಪಟಾಕಿ ಸಿಡಿಯಿತು. ಮರದಿಂದ ಹಕ್ಕಿಗಳು ಎದ್ದವು. ರಾಮಮ್ಮನ ಕೈ ಕೊಂಬೆಯ ಮೇಲೆ ಬಿಗಿಯಾಯಿತು, ಹಾಗೆಯೇ ನಿಂತಿತು. ಬಳಿಕ ಬೆರಳುಗಳು ಸಡಿಲವಾಗಿ ಹಣ್ಣು ಬಿಡಿಸತೊಡಗಿದವು. ಆ ಗಿಡ ಮುಗಿಸಿ ಅವಳು ತನ್ನ ಹಾಳೆಯನ್ನು ಎಳೆದುಕೊಂಡು ಒಬ್ಬಳೇ ಮುಂದಿನ ಗಿಡಕ್ಕೆ ಹೋದಳು.

ಗಂಗೆಯ ಪಾಲಿನ ಕೊಂಬೆಗಳಲ್ಲಿ ಹಣ್ಣು ಆಗಲೇ ಖಾಲಿಯಾಗಿತ್ತು. ಆದರೂ ಅವಳು ಗೆಳತಿಯ ಹಿಂದೆ ಹೋಗದೆ ಅಲ್ಲೇ ನಿಂತು, ಎಲೆಗಳನ್ನು ಒಂದೊಂದಾಗಿ ಸರಿಸುತ್ತಾ, ಏನನ್ನೋ ಹುಡುಕುವವಳಂತೆ ತಡಮಾಡಿದಳು.