ವಿಲ್ಕಿನ್ ನನಗೆ ಹೇಳಿದ ಸುದ್ದಿ

ಇಪ್ಪತ್ತೊಂಬತ್ತು ವರ್ಷ ಫೆರಿಮೆನ್ ತಂಡದ ಬೆನ್ನು ಹತ್ತಿ ಬರೆದವನು ನಾನು. ಸರೋವರದ ದಡದ ನಮ್ಮೂರಿನಲ್ಲಿ ಬೇಸ್‌ಬಾಲ್ ಅಂದರೆ ಫೆರಿಮೆನ್, ಫೆರಿಮೆನ್ ಸುದ್ದಿ ಅಂದರೆ ಲೆನ್ ಕುಬಿಯಾಕ್ ಎಂದು ಜನ ಹೇಳುತ್ತಿದ್ದರು. ಅವರು ಹೇಳದಿದ್ದರೂ ನಾನು ಹಾಗೆ ತಿಳಿದುಕೊಂಡಿದ್ದೆ. ಆಟ ಮುಗಿದ ಮೇಲೆ ಲಾಕರ್ ಕೋಣೆಗೆ ಮೊದಲು ನುಗ್ಗುತ್ತಿದ್ದವನು ನಾನೇ. ಮ್ಯಾನೇಜರ್ ರಾಯ್ ಗುಸ್ತಾಫ್ಸನ್ ಕೋಣೆಯಲ್ಲಿ ನನಗೆಂದೇ ಒಂದು ಕುರ್ಚಿ ಇತ್ತು. ಅಂಥವನಿಗೆ ಎರಡು ಸಾವಿರದ ಎಂಟರ ಬೇಸಿಗೆಯಲ್ಲಿ ಆದದ್ದು ಇದು.

ಆ ವರ್ಷ ನನ್ನ ಹೊಟ್ಟೆ ಉರಿಸಲು ಒಂದು ಬ್ಲಾಗು ಹುಟ್ಟಿಕೊಂಡಿತ್ತು. ಹೆಸರು 'ಮೇಲಿನ ಸಾಲು'. ಬರೆಯುವವರಿಗೆ ಹೆಸರಿಲ್ಲ, ಮುಖವಿಲ್ಲ. ಒಂದು ದಿನವೂ ಲಾಕರ್ ಕೋಣೆಯ ಬೆವರಿನ ವಾಸನೆ ಕಂಡವರಲ್ಲ. ಮನೆಯಲ್ಲಿ ಟಿವಿ ಮುಂದೆ ಕೂತು ನಮ್ಮ ಮ್ಯಾನೇಜರ್‌ಗೆ ಬುದ್ಧಿ ಹೇಳುವುದು, ನನ್ನ ಬರಹದಲ್ಲಿ ತಪ್ಪು ಹುಡುಕುವುದು, ಇಷ್ಟೇ ಅವರ ಕಸುಬು. ಕ್ರೀಡಾಂಗಣದ ಹೊರಗೆ ಪಿಯೆರೋಗಿ ಕಡುಬು ಮಾರುವವಳು ಕೂಡ ತಟ್ಟೆ ಕೊಡುತ್ತಾ, ಇವತ್ತು ಮೇಲಿನ ಸಾಲು ಏನು ಬರೆದಿದೆ ನೋಡಿದಿರಾ ಎಂದು ನನ್ನನ್ನೇ ಕೇಳಿದಳು. ಅಂದಿನಿಂದ ಅವಳ ಹತ್ತಿರ ತಿನ್ನುವುದನ್ನು ಬಿಟ್ಟೆ. ಸಂಪಾದಕನಂತೂ ನೀನೂ ಒಂದು ಬ್ಲಾಗು ಶುರು ಮಾಡು ಎಂದು ದಿನಾ ಪ್ರಾಣ ತಿನ್ನುತ್ತಿದ್ದ.

ಹದಿನೆಂಟು ವರ್ಷಗಳಿಂದ ಅಕ್ಟೋಬರ್ ತಿಂಗಳ ದೊಡ್ಡ ಪಂದ್ಯಗಳನ್ನು ಕಾಣದ ಊರಿಗೆ ಆ ಸಲ ಆಸೆ ಹುಟ್ಟಿತ್ತು. ಆಸೆಗೆ ಕಾರಣ ಒಬ್ಬನೇ, ವಿಲ್ಕಿನ್ ಅಲ್ಮಾಂಸರ್. ಡೊಮಿನಿಕನ್ ದೇಶದ ಬಾನಿ ಊರಿನವನು, ಇಪ್ಪತ್ತೆರಡು ವಯಸ್ಸು, ದೊಡ್ಡ ತಂಡದಲ್ಲಿ ಮೊದಲ ವರ್ಷ. ಐದು ದಿನಕ್ಕೊಮ್ಮೆ ಅವನು ಚೆಂಡೆಸೆಯಲು ದಿಬ್ಬ ಹತ್ತಿದರೆ ಎದುರು ತಂಡದ ಬ್ಯಾಟುಗಳು ಗಾಳಿ ಬೀಸುತ್ತಿದ್ದವು. ನನ್ನನ್ನು ಅವನು 'ದೋನ್ ಲೆನ್' ಎಂದು ಕರೆಯುತ್ತಿದ್ದ. ಅವರ ಕಡೆ ಹಿರಿಯರನ್ನು ಹಾಗೆ ಕರೆಯುತ್ತಾರೆ. ಮಿಕ್ಕ ಆಟಗಾರರು ನನ್ನನ್ನು ಮುದುಕ ಎನ್ನುತ್ತಿದ್ದರು.

ಜುಲೈ ಕೊನೆಯ ಭಾನುವಾರ, ಗೆದ್ದ ಆಟದ ಮೇಲೆ, ಎಲ್ಲರೂ ಸ್ನಾನಕ್ಕೆ ಹೋಗಿದ್ದರು. ವಿಲ್ಕಿನ್ ಮಾತ್ರ ಲಾಕರಿನ ಮುಂದೆ ಬಲಗೈ ಮೇಲೆ ಟವೆಲು ಹೊದ್ದು ಕೂತಿದ್ದ. ನನ್ನನ್ನು ಹತ್ತಿರ ಕರೆದ.

"ದೋನ್ ಲೆನ್, ಮೊಣಕೈ ಒಳಗಡೆ ಉರಿಯುತ್ತೆ. ಆರನೇ ಇನ್ನಿಂಗ್ಸ್ ಆದ್ಮೇಲೆ ಕಿರುಬೆರಳು ನಂದಲ್ಲ ಅನ್ನೋ ಹಂಗಾಗುತ್ತೆ."

"ತಂಡದ ಡಾಕ್ಟರ್‌ಗೆ ಹೇಳಿದ್ಯಾ?"

"ಇಲ್ಲ. ನನ್ನ ಬಾಯಿಂದ ಬಂತು ಅಂತ ಆಗ್ಬಾರ್ದು."

ನಾನು ಅವನಿಗೆ ಕಾಣುವ ಹಾಗೆ ನೋಟ್‌ಬುಕ್ ಮುಚ್ಚಿದೆ. ಪೆನ್ನನ್ನು ಜೇಬಿಗೆ ಸಿಕ್ಕಿಸಿದೆ. ನಮ್ಮ ಕಸುಬಿನಲ್ಲಿ ಅದು ಆಣೆ ಇಟ್ಟಷ್ಟೇ ಗಟ್ಟಿ. ನಿನ್ನ ಗುಟ್ಟು ನನ್ನ ಹತ್ತಿರ ಭದ್ರವಾಗಿರುತ್ತೆ ಕಣಪ್ಪ ಎಂದು ಹೇಳಿದೆ. ಅವನು ಮುಚ್ಚಿದ ಪುಸ್ತಕವನ್ನು ನೋಡಿದ, ನನ್ನ ಮುಖ ನೋಡಿದ, ಆಮೇಲೆ ನಿಧಾನವಾಗಿ ತಲೆ ಆಡಿಸಿದ. ಎಷ್ಟು ನಂಬಿದ್ದಾನೆ ನೋಡು ಈ ಹುಡುಗ ಎಂದು ಕಾರಿನವರೆಗೂ ಎದೆಯುಬ್ಬಿಸಿಕೊಂಡು ನಡೆದೆ.

ನಾನು ಬರೆಯಲಿಲ್ಲ. ಲಾಕರ್ ಕೋಣೆಯ ಮಾತನ್ನು ಹೊರಗೆ ಹಾಕಿದವನಿಗೆ ಮಾರನೆಯ ದಿನ ಆ ಕೋಣೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಇದು ನನಗೆ ನನ್ನ ಹಿರಿಯರು ಕಲಿಸಿದ ಪಾಠ. ವಿಲ್ಕಿನ್ ಆಗಸ್ಟ್ ಪೂರ್ತಿ ಎಸೆದ, ಪ್ರತಿ ಸಲವೂ ನೂರಕ್ಕೂ ಹೆಚ್ಚು ಚೆಂಡು. ನಾನು ಪ್ರತಿ ಸಲವೂ ಅವನ ಕಿರುಬೆರಳನ್ನೇ ನೋಡಿದೆ. ನೋಡಿ ಸುಮ್ಮನಿದ್ದೆ.

ಆ ತಿಂಗಳ ನಡುವೆ ಒಂದು ಬೆಳಿಗ್ಗೆ ಮೇಲಿನ ಸಾಲಿನಲ್ಲಿ ಏಳು ಚಿತ್ರ ಬಂದವು. ಏಳು ಆಟಗಳಲ್ಲಿ ಚೆಂಡು ಬಿಡುವ ಗಳಿಗೆಯಲ್ಲಿ ವಿಲ್ಕಿನ್ ಕೈ ಎಷ್ಟು ಎತ್ತರದಲ್ಲಿತ್ತು ಎಂದು ಕೆಂಪು ಗೆರೆ ಎಳೆದಿದ್ದರು. ಆಟದಿಂದ ಆಟಕ್ಕೆ ಗೆರೆ ಇಳಿದಿತ್ತು, ಒಟ್ಟು ನಾಲ್ಕು ಬೆರಳಿನಷ್ಟು. ಆರನೇ ಇನ್ನಿಂಗ್ಸ್ ಆದ ಮೇಲೆ ಚೆಂಡಿನ ವೇಗ ಗಂಟೆಗೆ ಮೂರು ಮೈಲಿ ಕಮ್ಮಿ. ಕೆಳಗೆ ಎರಡೇ ಸಾಲು: 'ಇವನ ಮೊಣಕೈ ನೋಯುತ್ತಿದೆ. ದಯವಿಟ್ಟು ಯಾರಾದರೂ ಸ್ಕ್ಯಾನ್ ಮಾಡಿಸಿ ನೋಡಿ.'

ಓದಿ ನನ್ನ ಎದೆ ಧಸಕ್ಕೆಂದಿತು. ಹುಡುಗನ ಕೈಗಾಗಿ ಎಂದು ಹೇಳಿದರೆ ನನ್ನ ನಾಲಿಗೆ ಬಿದ್ದುಹೋಗುತ್ತದೆ. ಈ ಊರಿನಲ್ಲಿ ನನಗೊಬ್ಬನಿಗೇ ಗೊತ್ತಿದ್ದ ಸುದ್ದಿ ಮನೆಯಲ್ಲಿ ಕೂತ ಯಾರಿಗೋ ಹೇಗೆ ಸಿಕ್ಕಿತು? ನನಗೆ ಆದದ್ದು ಇದೇ ಸಂಕಟ. ಮಧ್ಯಾಹ್ನದ ಹೊತ್ತಿಗೆ ರೇಡಿಯೋದವರು ಅದನ್ನೇ ಹಿಡಿದುಕೊಂಡು ಜಗ್ಗುತ್ತಿದ್ದರು. ಹುಡುಗನನ್ನು ಸ್ಕ್ಯಾನ್ ಮಾಡಿಸಿ ಎಂದು ಜನ ಫೋನ್ ಮೇಲೆ ಫೋನ್ ಮಾಡುತ್ತಿದ್ದರು.

ಸಂಜೆ ಆಟಕ್ಕೆ ಮುಂಚೆ ಎಲ್ಲ ಪತ್ರಕರ್ತರ ಎದುರು ನಾನು ರಾಯ್‌ನನ್ನು ಕೇಳಿದೆ, ಹುಡುಗನ ಕೈ ಹೇಗಿದೆ ಅಂತ.

"ಕುದುರೆ ಕಣೋ ಅವ್ನು," ಎಂದ ರಾಯ್. "ನೀನೂ ಟಿವಿ ನೋಡ್ಕೊಂಡು ಔಷಧಿ ಬರ್ಕೊಡೋರ ಮಾತು ಕೇಳೋಕೆ ಶುರು ಮಾಡಿದ್ಯಾ, ಲೆನ್?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಪ್ರೆಸ್ ಬಾಕ್ಸಿಗೆ ಹೋಗಿ ನಲವತ್ತು ನಿಮಿಷದಲ್ಲಿ ಒಂದು ಅಂಕಣ ಬರೆದೆ. 'ನೆಲಮಾಳಿಗೆಯ ವೈದ್ಯರು' ಎಂದು ತಲೆಬರಹ. ಅಮ್ಮ ಮಾಡಿಕೊಟ್ಟ ಸ್ಯಾಂಡ್‌ವಿಚ್ ತಿನ್ನುತ್ತಾ, ಅಳತೆಪಟ್ಟಿ ಹಿಡಿದು ಟಿವಿ ಪರದೆಯ ಮೇಲೆ ರೋಗ ಹುಡುಕುವವರು ಎಂದು ಗೇಲಿ ಮಾಡಿದೆ. ವಿಲ್ಕಿನ್‌ನ ಕೈಗೆ ಏನೂ ಆಗಿಲ್ಲ, ಇದನ್ನು ಹೇಳುತ್ತಿರುವವನು ದಿನವೂ ಅವನ ಪಕ್ಕದಲ್ಲಿ ನಿಲ್ಲುವವನು ಎಂದು ಬರೆದೆ. ಬರೆಯುವಾಗ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಆ ಮಾತು ರಾಯ್‌ನದು, ನನ್ನದಲ್ಲ ಎಂದು ಸಮಾಧಾನ ಮಾಡಿಕೊಂಡೆ. ಹಾಳಾದ್ದು, ಅಂಕಣ ಚೆನ್ನಾಗಿಯೇ ಬಂದಿತ್ತು. ಎರಡು ದಿನದಲ್ಲಿ ರೇಡಿಯೋ ತಣ್ಣಗಾಯಿತು. ಲೆನ್ ಕುಬಿಯಾಕ್ ಹೇಳಿದ ಮೇಲೆ ಮುಗಿಯಿತಲ್ಲ.

ಸೆಪ್ಟೆಂಬರ್ ಮೊದಲ ಗುರುವಾರ, ಮಟಮಟ ಮಧ್ಯಾಹ್ನದ ಆಟ. ಆರನೇ ಇನ್ನಿಂಗ್ಸ್, ವಿಲ್ಕಿನ್ ಎಸೆದ ತೊಂಬತ್ತೆಂಟನೇ ಚೆಂಡು. ಅದು ಬ್ಯಾಟಿನ ಕಡೆಗೆ ಹೋಗಲೇ ಇಲ್ಲ. ಚೆಂಡು ಹಿಡಿಯುವವನ ತಲೆ ಮೇಲೆ ಹಾರಿ ಹಿಂದಿನ ಬಲೆಗೆ ಬಡಿಯಿತು. ಕೈಜಾರಿರಬೇಕು ಎಂದು ಜನ ನಗಲು ಶುರು ಮಾಡಿದ್ದರು. ಅಷ್ಟರಲ್ಲಿ ವಿಲ್ಕಿನ್ ದಿಬ್ಬದ ಮೇಲೆ ಮೊಣಕಾಲೂರಿ ಕುಸಿದ. ಬಲಗೈಯನ್ನು ಎಡಗೈಯಲ್ಲಿ ಕೂಸಿನ ಹಾಗೆ ಎತ್ತಿ ಹಿಡಿದುಕೊಂಡಿದ್ದ. ಮೂವತ್ತೆಂಟು ಸಾವಿರ ಜನ ಗಪ್‌ಚುಪ್ಪಾದರು. ಪ್ರೆಸ್ ಬಾಕ್ಸಿನಲ್ಲಿ ಪಕ್ಕದವನು ನನ್ನ ಕಡೆ ತಿರುಗಿ ಏನೋ ಕೇಳಿದ. ನಾನು ವಿಲ್ಕಿನ್‌ನ ಕಿರುಬೆರಳನ್ನೇ ನೋಡುತ್ತಿದ್ದೆ.

ಮೊಣಕೈಯ ಮೂಳೆಗಳನ್ನು ಹಿಡಿದಿಡುವ ಕಟ್ಟು ಪೂರ್ತಿ ಹರಿದಿತ್ತು. ಜೊತೆಗೆ ಮೂಳೆಯ ಚೂರೊಂದು ಕಿತ್ತುಕೊಂಡು ಬಂದಿತ್ತು, ನರಕ್ಕೂ ಪೆಟ್ಟು ಬಿದ್ದಿತ್ತು. ಇಂಥ ಕೈಯಲ್ಲಿ ಮತ್ತೆ ಎಸೆದವರು ಕಮ್ಮಿ ಎಂದು ಡಾಕ್ಟರು ಹೇಳಿದರು. ಮುಂಚೆ ಯಾವ ಸುಳಿವೂ ಇರಲಿಲ್ಲ ಎಂದು ತಂಡದವರು ಹೇಳಿಕೆ ಕೊಟ್ಟರು. ನಮ್ಮ ಸಂಪಾದಕ ನನ್ನನ್ನು ಕರೆದು, ಆ ಬ್ಲಾಗಿಗೆ ಮೊದಲೇ ಹೇಗೆ ಗೊತ್ತಾಯಿತು, ಒಳಗಿನ ಯಾರು ಬಾಯಿಬಿಟ್ಟರು, ಪತ್ತೆ ಮಾಡು ಎಂದ. ನನಗೂ ಅದೇ ಅನುಮಾನ. ಬ್ಲಾಗಿನ ವಿಳಾಸಕ್ಕೆ ಇಮೇಲ್ ಕಳಿಸಿದೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: ಶನಿವಾರ ಮನೆಗೆ ಬನ್ನಿ, ಮಾತಾಡೋಣ. ಕೆಳಗೆ ಡಾರ್ಲೀನ್ ಹಟ್ಸನ್ ಎಂಬ ಹೆಸರಿತ್ತು.

ಬಾಗಿಲು ತೆರೆದವಳಿಗೆ ನಲವತ್ತೈದು ಇರಬಹುದು. ಮೈಮೇಲೆ ಅಂಚೆ ಇಲಾಖೆಯ ನೀಲಿ ಅಂಗಿ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ, ಅವಳ ಕಂಪ್ಯೂಟರಿತ್ತು.

"ನೆಲಮಾಳಿಗೆ ಅಂತ ಸರಿಯಾಗೇ ಬರ್ದಿದ್ರಿ," ಎಂದಳು. "ಸ್ಯಾಂಡ್‌ವಿಚ್ ಮಾತ್ರ ನಾನೇ ಮಾಡ್ಕೋಬೇಕು."

ನಗಬೇಕೋ ಬಿಡಬೇಕೋ ತಿಳಿಯಲಿಲ್ಲ. ನಿಮಗೆ ಹೇಳಿದ್ದು ಯಾರು ಎಂದು ನೇರವಾಗಿ ಕೇಳಿದೆ. ಅವಳು ಮೇಜಿನ ಖಾನೆ ತೆರೆದಳು. ನಿನ್ನೆ ಅವನನ್ನೇ ಕೇಳಿದೆ, ಈಗ ತೋರಿಸಬಹುದು ಎಂದಿದ್ದಾನೆ ಎಂದು ಹೇಳಿ ಒಂದು ಹಾಳೆ ಕೊಟ್ಟಳು. ಆಗಸ್ಟ್ ಆರನೇ ತಾರೀಖಿನ ಇಮೇಲ್. ಹರಕುಮುರುಕು ಇಂಗ್ಲಿಷು, ನಡುನಡುವೆ ಸ್ಪ್ಯಾನಿಷ್.

'ನಾನು ವಿಲ್ಕಿನ್. ನನ್ನ ಕೈ ನೋಡಿ, ಇಳಿಯುತ್ತಾ ಇದೆ. ನಾನೇ ಹೇಳಿದರೆ ಗಟ್ಟಿಯಿಲ್ಲದವನು ಅಂತ ಸಣ್ಣ ತಂಡಕ್ಕೆ ಕಳಿಸಿಬಿಡುತ್ತಾರೆ. ನಮ್ಮೂರಿನ ನನ್ನ ಗೆಳೆಯನಿಗೆ ಹಾಗೇ ಮಾಡಿದರು, ಅವನು ಮತ್ತೆ ಮೇಲೆ ಬರಲಿಲ್ಲ. ಹೊರಗಿನವರು ಬರೆದರೆ ಅವರೇ ಸ್ಕ್ಯಾನ್ ಮಾಡಿಸುತ್ತಾರೆ. ಮೊದಲು ಪತ್ರಿಕೆಯ ದೊಡ್ಡವರಿಗೆ ಹೇಳಿದೆ. ಒಳ್ಳೆಯವರು. ಆದರೆ ಪುಸ್ತಕ ಮುಚ್ಚಿಬಿಟ್ಟರು. ಇದು ಸಣ್ಣ ಸುದ್ದಿ ಅನ್ನಿಸಿರಬೇಕು.'

ಕೊನೆಯ ಸಾಲುಗಳನ್ನು ಮೂರು ಸಲ ಓದಿದೆ. ಒಗೆಯುವ ಯಂತ್ರದ ಮೇಲೆ ಕೈಯೂರಿ ನಿಂತೆ.

ತನ್ನ ಕಣ್ಣು ಅಷ್ಟೇನೂ ಚುರುಕಲ್ಲ, ಅವನು ಹೇಳದಿದ್ದರೆ ತನಗೆ ಗೊತ್ತೇ ಆಗುತ್ತಿರಲಿಲ್ಲ ಎಂದಳು ಡಾರ್ಲೀನ್. ಅವನ ಹೆಸರು ಹೇಳುವ ಹಾಗಿರಲಿಲ್ಲ. ಬರೀ ಮಾತಿಗೆ ಯಾರು ಬೆಲೆ ಕೊಡುತ್ತಾರೆ? ಅದಕ್ಕೇ ನಾಲ್ಕು ದಿನ ರಜೆ ಹಾಕಿ, ಆಟದ ಚಿತ್ರಗಳನ್ನೆಲ್ಲ ಅಳೆದು, ಯಾರು ಬೇಕಾದರೂ ಕಣ್ಣಾರೆ ನೋಡಿ ಒಪ್ಪುವ ಹಾಗೆ ಗೆರೆ ಎಳೆದಳಂತೆ.

"ಹೆಸರು ಬಚ್ಚಿಟ್ಟು ವಿಷಯ ಬರೀಬಹುದಲ್ವಾ, ಕುಬಿಯಾಕ್ ಅವ್ರೇ?" ಎಂದಳು. ಚುಚ್ಚುವ ದನಿಯಲ್ಲ, ನಿಜವಾಗಿ ಗೊತ್ತಿಲ್ಲದೆ ಕೇಳಿದ ಹಾಗೆ. "ಚಿಕ್ಕಂದಿನಿಂದ ನಿಮ್ಮನ್ನ ಓದ್ಕೊಂಡು ಬಂದೋಳು ನಾನು. ಅದು ನಿಮಗೆ ಬರುತ್ತೆ ಅಂದ್ಕೊಂಡಿದ್ದೆ."

ಮೆಟ್ಟಿಲು ಹತ್ತಿ ಬಂದೆ. ಕಾರನ್ನು ನೇರವಾಗಿ ವಿಲ್ಕಿನ್‌ನ ಬಾಡಿಗೆ ಮನೆಗೆ ಓಡಿಸಿದೆ. ಅವನು ಸೋಫಾದ ಮೇಲೆ ಕೂತಿದ್ದ, ಭುಜದಿಂದ ಮಣಿಕಟ್ಟಿನವರೆಗೆ ಪಟ್ಟಿ. ಬಾಳೆಕಾಯಿ ಬೇಯಿಸಿ ಅರೆದ ಮಂಗುವನ್ನು ಎಡಗೈಯಲ್ಲಿ ಚಮಚ ಹಿಡಿದು ತಿನ್ನಲು ಹೆಣಗುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಎದ್ದು ನಿಂತನಲ್ಲ, ಅದನ್ನು ನನ್ನಿಂದ ಸಹಿಸಲಾಗಲಿಲ್ಲ.

ನಿನಗೆ ಕೊಟ್ಟ ಮಾತು ಉಳಿಸಿಕೊಂಡೆ ಅಂತಲೇ ತಿಳಿದಿದ್ದೆ ಎಂದೆ. ಗುಟ್ಟಾಗಿಡಿ ಅಂತ ನೀನು ಹೇಳಿದ ಹಾಗೆ ನನಗೆ ಅನ್ನಿಸಿತ್ತು ಎಂದೆ. ಹೇಳುತ್ತಿದ್ದ ಹಾಗೇ ಅದು ಎಷ್ಟು ಪೊಳ್ಳು ಎಂದು ನನ್ನ ಕಿವಿಗೇ ಕೇಳಿಸಿತು.

"ಪತ್ರಿಕೆಯೋರಿಗೆ ಯಾಕೆ ಹೇಳ್ತಾರೆ, ದೋನ್ ಲೆನ್? ಬಚ್ಚಿಡೋಕಾ?" ಎಂದ ವಿಲ್ಕಿನ್. "ಬಚ್ಚಿಡೋದು ನನಗೇ ಬರ್ತಿತ್ತಲ್ಲ."

ಅವನೇ ಮುಂದುವರಿಸಿದ. ಬ್ಲಾಗಿನಲ್ಲಿ ಚಿತ್ರ ಬಂದ ದಿನ ತಂಡದ ಡಾಕ್ಟರು ಅವನನ್ನು ಕರೆದು, ಶುಕ್ರವಾರ ಸ್ಕ್ಯಾನ್ ಮಾಡಿಸೋಣ ಎಂದಿದ್ದರಂತೆ. ಆ ಸಂಜೆ ಅವನು ತಾಯಿಗೆ ಫೋನ್ ಮಾಡಿ, ಇನ್ನು ಭಯವಿಲ್ಲ ಎಂದು ಹೇಳಿದ್ದನಂತೆ. ಮಾರನೆಯ ಬೆಳಿಗ್ಗೆ ನನ್ನ ಅಂಕಣ ಬಂತು. ರಾಯ್ ಅದನ್ನು ಕತ್ತರಿಸಿ ಲಾಕರ್ ಕೋಣೆಯ ಗೋಡೆಗೆ ಅಂಟಿಸಿದ.

"ಒಬ್ಬ ಜೋರಾಗಿ ಓದಿದ. ಎಲ್ಲಾ ನಕ್ಕರು, ಡಾಕ್ಟರೂ ನಕ್ಕರು. ಶುಕ್ರವಾರ ಬೇಕಾ ಅಂತ ನನ್ನ ಕೇಳಿದ್ರು. ಅಷ್ಟು ಜನ ನಗ್ತಿರೋವಾಗ ಬೇಕು ಅಂತ ಹೆಂಗೆ ಹೇಳ್ಲಿ? ನಾನೂ ನಕ್ಕೆ."

ಶುಕ್ರವಾರ. ಸ್ಕ್ಯಾನು ನಿಗದಿಯಾಗಿತ್ತು. ಅವನ ಕೈ ಉಳಿಯುವುದಕ್ಕೆ ಎರಡು ದಿನವಿತ್ತು. ನಡುವೆ ಬಂದು ನಿಂತದ್ದು ನನ್ನ ನಲವತ್ತು ನಿಮಿಷದ ಬರಹ. ಕ್ಷಮಿಸು ಎನ್ನಲು ಬಾಯಿ ತೆರೆದೆ. ಐವತ್ತೆಂಟು ವರ್ಷದ ಗಂಡಸು ಆ ಹುಡುಗನ ಎದುರು ಮುಖ ಮುಚ್ಚಿಕೊಂಡು ಅತ್ತೆ. ಅವನು ಎಡಗೈಯಿಂದಲೇ ಒಂದು ಲೋಟ ನೀರು ತಂದು ಮುಂದೆ ಇಟ್ಟ.

ನೀರು ಕುಡಿದು, ಇದನ್ನೆಲ್ಲ ಈಗ ಬರೆಯಬಹುದಾ ಎಂದು ಅವನನ್ನು ಕೇಳಿದೆ.

"ಬರೀರಿ," ಎಂದ. "ಈ ಸಲ ಹೆಸರು ಹಾಕಿ ಬರೀರಿ. ನನ್ನದೂ ಹಾಕಿ. ನಿಮ್ಮದನ್ನ ಮೊದಲು ಹಾಕಿ."

ಭಾನುವಾರ ಕೂತು ಬರೆದೆ. ಸೋಮವಾರ ಸಂಪಾದಕ ಓದಿ, ತಲೆ ಕೆಟ್ಟಿದೆಯಾ ನಿನಗೆ, ತಂಡದವರು ನಾಳೆಯಿಂದ ನಮ್ಮ ಯಾರನ್ನೂ ಒಳಗೆ ಬಿಡುವುದಿಲ್ಲ ಎಂದು ಹಾಳೆಗಳನ್ನು ಹಿಂದಕ್ಕೆ ತಳ್ಳಿದ. ಅವುಗಳನ್ನು ಎತ್ತಿಕೊಂಡು ಡಾರ್ಲೀನ್ ಮನೆಗೆ ಹೋದೆ. ಅವಳು ಒಂದಕ್ಷರವನ್ನೂ ತಿದ್ದಲಿಲ್ಲ. ಮಂಗಳವಾರ ಬೆಳಿಗ್ಗೆ ಮೇಲಿನ ಸಾಲಿನಲ್ಲಿ ಅದು ಬಂತು. ಮೊದಲ ವಾಕ್ಯ ಹೀಗಿತ್ತು: 'ವಿಲ್ಕಿನ್ ಅಲ್ಮಾಂಸರ್‌ನ ಕೈ ನೋಯುತ್ತಿದೆ ಎಂಬುದು ಲೆನ್ ಕುಬಿಯಾಕ್ ಆದ ನನಗೆ ಅವನು ದಿಬ್ಬದ ಮೇಲೆ ಕುಸಿಯುವ ಮೂವತ್ತೊಂಬತ್ತು ದಿನ ಮುಂಚೆಯೇ ಗೊತ್ತಿತ್ತು.'