ನಾಲ್ಕನೆಯ ಕಿಟಕಿ

ಎಂಟು ದಿನದಿಂದ ನಾನು ಒಂದು ಕಡೆ ಕೂತವಳಲ್ಲ. ಅಕ್ಕಿ ಕೇರಲು ಮೊರ ಹಿಡಿದರೆ ಕೇರಿದ್ದನ್ನೇ ಮತ್ತೆ ಕೇರುತ್ತೇನೆ. ಇಪ್ಪೆ ಹೂ ಆರಿಸಲು ಹೋದವಳು ಬುಟ್ಟಿಯನ್ನು ಮರದಡಿಯಲ್ಲೇ ಮರೆತು ಬರುತ್ತೇನೆ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ ಸೋನಕುವರ್?" ಎಂದು ನನ್ನ ಗಂಡ ಮನಿರಾಮ್ ನಗುತ್ತಾನೆ. ನಗಲಿ. ಅಕ್ಕಿಯ ಗುಡಾಣದ ತಳದಲ್ಲಿ ನಾನು ಬಚ್ಚಿಟ್ಟಿರುವುದು ಗೊತ್ತಾದ ದಿನ ಆ ನಗು ಎಲ್ಲಿ ಹೋಗುತ್ತದೋ ನಾನೂ ನೋಡುತ್ತೇನೆ.

ಬಚ್ಚಿಟ್ಟಿರುವುದು ಮೂರು ಕಾರ್ಡು. ನನ್ನದು, ಅವನದು, ಮಗಳು ಜೀವನಕಲಾಳದು. ಹೋಳಿ ಮುಗಿದ ವಾರ ಶಾಲೆಯ ಜಗಲಿಯಲ್ಲಿ ಊರಿನವರ ರಕ್ತ ತೆಗೆದುಕೊಂಡಿದ್ದರು. ಆಶಾ ಕಾರ್ಯಕರ್ತೆ ಛಾಯಾ ಕಾರ್ಡು ತಂದುಕೊಟ್ಟಾಗ ಮನೆಯಲ್ಲಿ ನಾನೊಬ್ಬಳೇ ಇದ್ದೆ. ಬಿಳಿ ಕಾರ್ಡು ಅಂದರೆ ರಕ್ತ ಚೆನ್ನಾಗಿದೆ. ಹಳದಿ ಅಂದರೆ ಸಿಕಲ್ ಎನ್ನುವ ರಕ್ತದ ಕಾಯಿಲೆ. ಅರ್ಧ ಬಿಳಿ ಅರ್ಧ ಹಳದಿ ಅಂದರೆ ಕಾಯಿಲೆ ಒಳಗೆ ಅಡಗಿ ಕೂತಿದೆ. ಅಂಥವರು ಗಟ್ಟಿಮುಟ್ಟಾಗೇ ಇರುತ್ತಾರೆ, ಆದರೆ ಕಾಯಿಲೆ ಮಕ್ಕಳಿಗೆ ಹೋಗಬಹುದು. ನಮ್ಮ ಮೂರೂ ಅರ್ಧ.

"ಅವರದ್ದೂ ಅರ್ಧಾನಾ?" ಗಂಡನ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡುತ್ತ ಮೂರು ಸಲ ಕೇಳಿದೆ.

"ಅರ್ಧ ಅಲ್ದೆ ಮುಕ್ಕಾಲು ಇರುತ್ತಾ?" ಎಂದಳು ಛಾಯಾ.

"ಹಾಗಾದ್ರೆ ಇದು?" ಸೆರಗು ಸರಿಸಿ ಹಣೆಯ ಮೇಲಿನ ಬಿಳಿ ಕೂದಲಿನ ಗೊಂಚಲು ತೋರಿಸಿದೆ.

"ಅದು ಕೂದಲು, ಇದು ರಕ್ತ. ಯಾವ ಸಂಬಂಧಾನೂ ಇಲ್ಲ. ಕೂದಲಿಂದು ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಕೊಟ್ರೆ ಸಾಕು, ಎದ್ದು ಕಾಣುತ್ತೆ. ಕಾಯಿಲೆ ಹಾಗಲ್ಲ, ಇಬ್ಬರೂ ಕೊಟ್ರೇನೇ ಹೊರಗೆ ಬರೋದು. ಒಬ್ಬರೇ ಕೊಟ್ರೆ ಮೈಯಲ್ಲಿ ಸುಮ್ನೆ ಮಲಗಿರುತ್ತೆ."

ಆ ಕೂದಲು ನನ್ನ ತವರಿನದು. ಆತ್ರಾಮರ ಮನೆಯಲ್ಲಿ ಅಜ್ಜನಿಗಿತ್ತು, ಅಪ್ಪನಿಗಿತ್ತು, ಅಣ್ಣ ಝುರುವಿಗಿದೆ, ನನಗಿದೆ. ನನ್ನ ಮೊದಲ ಮಗ ಚೈತುವಿಗೂ ಇತ್ತು. ಚೈತು ಒಂಬತ್ತು ವರ್ಷ ಬದುಕಿದ. ಚಳಿ ಬಿದ್ದರೆ ಸಾಕು, ಮೂಳೆಯನ್ನು ಯಾರೋ ಒಳಗಿನಿಂದ ತಿರುಚುತ್ತಿದ್ದಾರೆ ಎಂದು ಕೂಗುತ್ತಿದ್ದ. ಅವನನ್ನು ಮಣ್ಣು ಮಾಡಿ ಬಂದ ದಿನ ಅತ್ತೆ ಎಲ್ಲರ ಮುಂದೆ, "ಆ ಬಿಳಿ ಕೂದಲು ಹೊತ್ತುತಂದ ಕಾಯಿಲೆ ಇದು" ಎಂದಳು. ಊರು ನಂಬಿತು, ಗಂಡ ನಂಬಿದ. ನಾನೂ ನಂಬಿದೆ ಎನ್ನುವುದೇ ಇವತ್ತು ಹೊಟ್ಟೆ ಉರಿಸುವ ಸಂಗತಿ. ಇಪ್ಪತ್ತೆರಡು ವರ್ಷ ಆ ಕೂದಲಿಗೆ ಕಾಡಿಗೆ ಬಳಿದೆ, ಸೆರಗು ಎಳೆದುಕೊಂಡೆ. ಚೈತು ಹೋದ ವರ್ಷವೇ ಹುಟ್ಟಿದ ಜೀವನಕಲಾಳ ನೆತ್ತಿಯನ್ನು ದಿನಾ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಒಂದು ಬಿಳಿ ಎಳೆಯೂ ಇರಲಿಲ್ಲ. ಬದುಕಿಕೊಂಡೆವು ಅಂದುಕೊಂಡೆ.

ಗಂಡನ ಕಾರ್ಡನ್ನು ಅವನ ಮುಖದ ಮೇಲೆ ಎಸೆಯಲು ಕೈ ತುರಿಸುತ್ತಿತ್ತು. ಎಸೆಯಲಿಲ್ಲ. ಎಸೆದರೆ ಮಗಳ ಕಾರ್ಡಿನ ಮಾತೂ ಹೊರಬೀಳುತ್ತಿತ್ತು.

ಜೀವನಕಲಾಳನ್ನು ಝುರುವಿನ ಮಗ ಲಾಲಸುವಿಗೆ ಕೊಡುವುದೆಂದು ಮಾತಾಗಿದೆ. ನಮ್ಮಲ್ಲಿ ಇದಕ್ಕೆ ಹಾಲು ಹಿಂತಿರುಗಿಸುವುದು ಎನ್ನುತ್ತಾರೆ. ತವರಿನ ಹಾಲು ಕುಡಿದು ಬೆಳೆದು ಬೇರೆ ಮನೆ ಸೇರಿದ ಹೆಣ್ಣು, ತನ್ನ ಮಗಳನ್ನು ಅಣ್ಣನ ಮನೆಗೆ ಕೊಡಬೇಕು. ಕೊಡದಿದ್ದರೆ ತವರಿನ ಬಾಗಿಲು ಮುಚ್ಚಿದಂತೆಯೇ. ಕುಲ ಕುಲವನ್ನು ಬೇರೆ ಮಾಡುವ ದೇವರ ಎಣಿಕೆಯೂ ಸರಿಯಿದೆ. ಅವರು ಆರು ದೇವರವರು, ನಾವು ಏಳು ದೇವರವರು, ಹೆಣ್ಣು ಕೊಟ್ಟು ತರಲು ಅಡ್ಡಿಯಿಲ್ಲ. ಲಾಲಸುವಿನ ತಲೆಯಲ್ಲೂ ಬಿಳಿ ಕೂದಲಿಲ್ಲ. ಎರಡೂ ಕಪ್ಪು ತಲೆ, ಇನ್ನು ಯಾವ ಭಯ ಎಂದು ಹಿರಿಯರು ಎಲೆದೊನ್ನೆಯಲ್ಲಿ ಇಪ್ಪೆ ಸಾರಾಯಿ ಕುಡಿದು ಎದ್ದಿದ್ದರು. ಈಗ ಲಾಲಸುವಿನ ಕಾರ್ಡೂ ಅರ್ಧವಾಗಿದ್ದರೆ? ಇದೊಂದೇ ಪ್ರಶ್ನೆ ನನ್ನನ್ನು ಎಂಟು ದಿನ ಒಲೆಯಿಂದ ಬಾವಿಗೆ, ಬಾವಿಯಿಂದ ಒಲೆಗೆ ಓಡಾಡಿಸಿತು.

ಒಂಬತ್ತನೆಯ ಬೆಳಿಗ್ಗೆ ಅಂಗಳ ಗುಡಿಸಿ ಒಳಗೆ ಬಂದರೆ ಜೀವನಕಲಾ ಗುಡಾಣದ ಪಕ್ಕ ಕೂತಿದ್ದಳು. ಮಡಿಲಲ್ಲಿ ಮೂರು ಕಾರ್ಡು.

"ಮೊಟ್ಟೆ ಇಡೋಕೆ ಜಾಗ ಸಿಗದ ಕೋಳಿ ಥರ ಸುತ್ತುತಾ ಇದ್ದಿದ್ದು ಇದಕ್ಕಾ?"

ನಾನು ಪೊರಕೆಯನ್ನು ಮೂಲೆಗಿಟ್ಟೆ.

"ಅವನ ಕಾರ್ಡು ಯಾವ್ದು?"

"ಗೊತ್ತಿಲ್ಲ. ನಿನ್ನ ಮಾವ ಪರೀಕ್ಷೆ ಅಂದ್ರೆ ಉರಿದುಬೀಳ್ತಾನೆ. ನೀನೂ ಬಾ, ಹೋಗಿ ಕೇಳೋಣ."

ಅವಳು ಕಾರ್ಡುಗಳನ್ನು ನನ್ನ ಕೈಗಿಟ್ಟಳು. "ನೀನೇ ಹೋಗು. ನಾನು ಬಂದ್ರೆ ಅವನ ಮುಖ ನೋಡಿ, ಏನಾದ್ರೂ ಆಗ್ಲಿ ಅಂದ್ಬಿಡ್ತೀನಿ."

ಹಾಲು ಹಿಂತಿರುಗಿಸುವ ಲೆಕ್ಕದಲ್ಲಿ ಹಿರಿಯರು ಈ ಹುಡುಗಿಯನ್ನು ಕೇಳಿರಲಿಲ್ಲ. ಆದರೆ ಅವಳು ತಾನಾಗಿಯೇ ಅವನನ್ನು ಇಷ್ಟಪಟ್ಟಿದ್ದಳು.

ಝುರುವಿನ ಊರು ಹಳ್ಳದ ಆಚೆ, ಎರಡು ಗಂಟೆಯ ದಾರಿ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಕೆಡಿಸಿದೆ. ಅವನು ಅಂಗಳದಲ್ಲಿ ಮದುವೆ ಚಪ್ಪರಕ್ಕೆಂದು ತಂದ ಬಿದಿರು ಸೀಳುತ್ತಿದ್ದ. ಅವನ ಬಿಳಿ ಕೂದಲು ಹಣೆಯ ಮೇಲೆ ಬಿದ್ದಿತ್ತು. ಅವನೆಂದೂ ಮುಚ್ಚಿಕೊಂಡವನಲ್ಲ. ತಂಗಿಯಾದ ನನ್ನನ್ನು ಅವನು ಬಾಯಿ ಎಂದೇ ಕರೆಯುವುದು, ನಾನು ಅವನನ್ನು ದಾದಾ ಎನ್ನುವುದು.

"ಬಾ ಬಾಯಿ! ಬುಟ್ಟಿ ಇಲ್ದೆ ಬರಿಗೈಲಿ ಬಂದಿದ್ದೀಯಲ್ಲ, ಈಗಿಂದ್ಲೇ ಬೀಗಿತ್ತಿ ಜಂಭಾನಾ?"

"ದಾದಾ, ಲಾಲಸುವಿನ ರಕ್ತ ನೋಡಿಸ್ಬೇಕು."

ಅವನ ಕತ್ತಿ ಬಿದಿರಿನ ನಡುವೆ ನಿಂತಿತು. "ಯಾಕೆ? ದೇವರ ಎಣಿಕೆ ಸರಿಯಾಗಿದೆ, ಇನ್ನೇನು ಎಣಿಸ್ಬೇಕು? ಅವನ ತಲೇಲಿ ಏನಾದ್ರೂ ಬಿಳಿ ಕಂಡ್ಯಾ?"

"ಬಿಳೀದಕ್ಕೂ ಕಾಯಿಲೆಗೂ ಸಂಬಂಧ ಇಲ್ವಂತೆ."

"ಯಾರಂದ್ರು? ಆ ಛಾಯಾನಾ? ಮೊನ್ನೆ ಮೊನ್ನೆ ಮೂಗು ಒರೆಸ್ಕೋತಾ ಓಡಾಡ್ತಿದ್ಲು. ಹೆಣ್ಣು ಕೊಡೋ ಮನಸ್ಸಿಲ್ಲ ಅಂತ ನೇರವಾಗಿ ಹೇಳು."

ನಾನೂ ಅವನ ತಂಗಿಯೇ. ದನಿ ಏರಿಸಿ ಏನೇನೋ ಅಂದೆ, ಅವನೂ ಅಂದ. ಒಳಗಿಂದ ಲಾಲಸು ಬಂದ. ಕೈಯಲ್ಲಿ ಅಂಚು ಮಡಿಸಿಹೋದ ಒಂದು ಕಾರ್ಡಿತ್ತು.

"ಅತ್ತೆ, ಹಾಸ್ಟೆಲಲ್ಲಿ ಓದ್ತಿದ್ದಾಗ ಕೊಟ್ಟಿದ್ರು. ಟ್ರಂಕಿನ ತಳದಲ್ಲಿತ್ತು. ಏನು ಅಂತ ಆಗ ಯಾರೂ ಸರಿಯಾಗಿ ಹೇಳ್ಲಿಲ್ಲ."

ಅರ್ಧ ಬಿಳಿ, ಅರ್ಧ ಹಳದಿ.

ಗಂಡಸರ ಕಾರ್ಡಿನಲ್ಲಿ ನಾಲ್ಕು ಪುಟ್ಟ ಕಿಟಕಿ ಕತ್ತರಿಸಿರುತ್ತಾರೆ. ಅದನ್ನು ಹೆಣ್ಣಿನ ಕಾರ್ಡಿನ ಮೇಲೆ ಇಟ್ಟರೆ ಹುಟ್ಟುವ ಮಕ್ಕಳ ರಕ್ತದ ಬಣ್ಣ ಕಿಟಕಿಯಲ್ಲಿ ಕಾಣುತ್ತದೆ. ಬಿದಿರಿನ ರಾಶಿಯ ಮೇಲೆ ಜೀವನಕಲಾಳ ಕಾರ್ಡು ಇಟ್ಟು, ಅದರ ಮೇಲೆ ಲಾಲಸುವಿನದು ಇಟ್ಟೆ. ಒಂದು ಕಿಟಕಿ ಬಿಳಿ. ಎರಡು ಅರ್ಧ. ನಾಲ್ಕನೆಯದು ಹಳದಿ.

ಝುರು ಬಗ್ಗಿ ನೋಡಿದ. ಆಮೇಲೆ ಹೆಬ್ಬೆರಳಿನಿಂದ ಹಳದಿ ಕಿಟಕಿಯನ್ನು ಮುಚ್ಚಿದ.

"ಮೂರು ಚೆನ್ನಾಗೇ ಇದೆಯಲ್ಲ. ನಾಲ್ಕರಲ್ಲಿ ಮೂರು ಅಂದ್ರೆ ಕಮ್ಮೀನಾ? ಬೇಟೆಗೆ ಹೋದ್ರೂ ಇಷ್ಟು ನಂಬಿಕೆ ಇರಲ್ಲ. ಅದೂ ಅಲ್ದೆ ಮೊದಲ್ನೇ ಮಗು ಹಳದಿ ಆದ್ರೆ ಮುಂದಿನ ಮೂರು ಕ್ಷೇಮ."

"ಹಾಗಲ್ಲ ದಾದಾ. ಪ್ರತಿ ಬಸಿರಿಗೂ ನಾಲ್ಕು ಕಿಟಕೀನೂ ಹೊಸದಾಗಿ ತೆರೀತಾವಂತೆ."

"ಅಂತೆ, ಅಂತೆ! ಪಂಚರ ಮುಂದೆ ನಾನೇನು ಹೇಳ್ಲಿ? ತಂಗಿ ಹಾಲು ಕೊಡ್ಲಿಲ್ಲ, ಕಾಗದ ಕೊಟ್ಲು ಅಂತ ಹೇಳ್ಲಾ?"

ಉಳಿದ ಎರಡು ಕಾರ್ಡು ತೆಗೆದೆ. ನನ್ನದನ್ನು ಕೆಳಗೆ ಇಟ್ಟು ಗಂಡನದನ್ನು ಮೇಲೆ ಇಟ್ಟೆ.

"ಇದು ನಾನು. ಇದು ನಿನ್ನ ಭಾವ. ಕೈ ತೆಗೆದು ನೋಡು."

ಅದೇ ನಾಲ್ಕು ಕಿಟಕಿ. ಅದೇ ಹಳದಿ.

ಚೈತುವಿನ ಕೊನೆಯ ಶ್ರಾವಣದಲ್ಲಿ ಹಳ್ಳ ತುಂಬಿ ಹರಿಯುತ್ತಿದ್ದಾಗ, ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಎದೆಮಟ್ಟದ ನೀರಲ್ಲಿ ದಾಟಿ ಆಸ್ಪತ್ರೆಗೆ ನಡೆದವನು ಝುರು. ಅವತ್ತು ಮನಿರಾಮ್ ಕೂಡ ದಡದಲ್ಲಿ ನಿಂತುಬಿಟ್ಟಿದ್ದ. ಮರುದಿನ ಹುಡುಗನ ಹೆಣವನ್ನು ಅದೇ ಹೆಗಲಲ್ಲಿ ವಾಪಸು ತಂದವನೂ ಅವನೇ.

ಝುರು ಬಹಳ ಹೊತ್ತು ಆ ಕಿಟಕಿಯನ್ನು ನೋಡಿದ. ಉಗುರಿನಷ್ಟೂ ಇಲ್ಲದ ಕಿಟಕಿ ಅದು.

"ಇಷ್ಟು ಜಾಗದಲ್ಲಿ ಇದ್ನಾ ಅವನು?" ಎಂದ.

"ಇದ್ದ."

"ನಾವು ಸುಮ್ನೆ ಈ ಕೂದಲನ್ನ ಬೈಕೊಂಡು ಕೂತ್ವಲ್ಲ ಬಾಯಿ." ತನ್ನ ಹಣೆಯ ಮೇಲಿನ ಬಿಳಿ ಗೊಂಚಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. ಕಿತ್ತುಬಿಡುತ್ತಾನೇನೋ ಎನಿಸಿತು. ನಾನು ಅವನ ಕೈ ಬಿಡಿಸಿದೆ. ಇಬ್ಬರೂ ಅತ್ತೆವು. ಎಷ್ಟೋ ವರ್ಷದಿಂದ ಬಾಕಿಯಿದ್ದ ಅಳು ಅದು, ನಾಚಿಕೆಯೇನೂ ಆಗಲಿಲ್ಲ.

ಆಮೇಲೆ ಅವನು ಎದ್ದು ಮುಖ ತೊಳೆದು ಬಂದ. ಸೀಳಿಟ್ಟ ಬಿದಿರನ್ನು ಗೋಡೆಗೆ ಒರಗಿಸಿದ.

"ನಮ್ಮಲ್ಲಿ ಹಸು ಕಟ್ಟಿದ್ರೂ ಹಾಲು ಕರೆಯಲ್ಲ. ಯಾಕೆ? ಹಾಲು ಕರುವಿಂದು ಅಂತ. ಕರುವಿಗೇ ಕೇಡಾಗೋ ಹಾಲು ಇಸ್ಕೊಂಡು ನಾನೇನು ಮಾಡ್ಲಿ? ಹೋಗು ಬಾಯಿ. ಪಂಚರು ಕೇಳಿದ್ರೆ ಹಾಲು ಮುಟ್ಟಿದೆ ಅಂತೀನಿ. ಇಪ್ಪತ್ತೆರಡು ವರ್ಷದ ಹಿಂದೇನೇ, ನನ್ನ ಹೆಗಲ ಮೇಲೇನೇ ಮುಟ್ಟಿದೆ ಅಂತೀನಿ."

ನಾನು ಗೆದ್ದಿದ್ದೆ. ಆದರೆ ಹೊಸ್ತಿಲ ಹತ್ತಿರ ಲಾಲಸು ನಿಂತಿದ್ದ, ಅವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಹಿಂದಿರುಗುವಾಗ ಸೆರಗು ಹೆಗಲಿಗೆ ಜಾರಿತ್ತು. ಎಳೆದುಕೊಳ್ಳಲಿಲ್ಲ. ಗಂಡನಿಗೆ ಸಂಜೆ ಅವನ ಕಾರ್ಡನ್ನು ಕೊಡುವಾಗಲೂ ಹೀಗೇ ಇರುತ್ತೇನೆ ಎಂದುಕೊಂಡೆ. ಹಳ್ಳದ ಈಚೆ, ಎಂದಿನ ಇಪ್ಪೆ ಮರದಡಿ, ನಾನು ಮರೆತುಬಂದಿದ್ದ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಜೀವನಕಲಾ ಕೂತಿದ್ದಳು. ಲಾಲಸುವಿನ ಕಾರ್ಡು ಯಾವುದೆಂದು ಕೇಳಲಿಲ್ಲ. ನನ್ನ ಮುಖದಲ್ಲೇ ಓದಿಕೊಂಡಳು.

"ಅವನೇನಂದ?"

"ಏನೂ ಅನ್ನಲಿಲ್ಲ."

"ಏನೂ ಮಾಡ್ಲಿಲ್ವಾ?"

ನೆನಪು ಮಾಡಿಕೊಂಡೆ. "ನಾನು ಹೊರಡುವಾಗ ತಡೀಲಿಲ್ಲ, ಮೆಟ್ಟಿಲ ಕೆಳಗೆ ಬಿಟ್ಟಿದ್ದ ನನ್ನ ಚಪ್ಪಲೀನ ನಮ್ಮೂರ ದಾರಿ ಕಡೆ ತಿರುಗಿಸಿ ಇಟ್ಟ."

"ಅಷ್ಟೇನಾ?"

"ಅಷ್ಟೇ."

ಅವಳು ತಲೆ ಬಗ್ಗಿಸಿ ನನ್ನ ಪಾದದಲ್ಲಿದ್ದ ಚಪ್ಪಲಿಯನ್ನು ನೋಡುತ್ತ ಕೂತಳು. ಮನೆಗೆ ಹೋಗೋಣ ಎಂದು ನಾನು ಎರಡು ಸಲ ಕರೆದೆ. ಅವಳು ಏಳಲಿಲ್ಲ. ಎಂಟು ದಿನದಿಂದ ನಿಲ್ಲಲಾರದೆ ಓಡಾಡಿದ್ದ ನಾನು ಅವಳ ಪಕ್ಕದಲ್ಲಿ ಕೂತೆ.