ಡೆಕ್ಕಿನ ಮೇಲೆ ತುಕ್ಕಿನ ಚುಕ್ಕೆ

ಬೆಳಿಗ್ಗೆ ದಡಕ್ಕೆ ಎಳೆದಿಟ್ಟ ಹಾಯಿದೋಣಿಯ ಟಾರ್ಪಾಲು ಸರಿಸಿದವಳೇ ಅವಳು ನಿಂತಲ್ಲೇ ನಿಂತುಬಿಟ್ಟಳು. ನಿನ್ನೆ ಜೇನಿನ ಬಣ್ಣಕ್ಕೆ ತಿರುಗಿದ್ದ ತೇಗದ ಡೆಕ್ಕಿಗೆ ರಾತ್ರೋರಾತ್ರಿ ಸಿಡುಬು ಎದ್ದಿತ್ತು! ಮೂತಿಯಿಂದ ಹಿಂಬದಿಯವರೆಗೂ ಕಂದು ಚುಕ್ಕೆ, ಚುಕ್ಕೆ, ಚುಕ್ಕೆ.

"ಅಕ್ಕಾ! ಇದಕ್ಕೆ ಯಾರು ಕೈ ಹಾಕಿದ್ದು?"

ಕೆಳಗೆ ಬಣ್ಣದ ಡಬ್ಬದ ಮೇಲೆ ಕೂತಿದ್ದ ಅಕ್ಕ ಪಕ್ಕದಲ್ಲಿದ್ದ ಗಂಡನ ಕಡೆ ನೋಡಿದಳು. ಭಾವ ಹಲ್ಲು ಕಿರಿದರು. "ಸರ್‌ಪ್ರೈಸ್ ಅಂತ ನಾನೇ ನಿನ್ನೆ ಸಂಜೆ ಬಂದು ಒಂದು ಕೈ ಉಜ್ಜಿದೆ ಕಣೇ. ಪಾತ್ರೆ ಉಜ್ಜೋ ಸ್ಟೀಲ್ ನಾರಲ್ಲಿ. ಎಷ್ಟು ನೈಸಾಗಿತ್ತು ಗೊತ್ತಾ!"

ಸ್ಟೀಲ್ ನಾರು! ಅದರ ಪುಡಿಯೆಲ್ಲ ಮರದ ಎಳೆಯೊಳಗೆ ಹೊಕ್ಕಿದೆ, ಟಾರ್ಪಾಲಿನಡಿ ರಾತ್ರಿಯ ತೇವ ಹಿಡಿದಿದೆ, ತುಕ್ಕಿಗೆ ಇನ್ನೇನು ಬೇಕು! ಅವಳ ಕಿವಿ ಬಿಸಿಯಾಯಿತು. ಈ ಹಾಯಿದೋಣಿ ಕೊಡುವಾಗ ಸೋದರಮಾವ ಎಲ್ಲರೆದುರೇ ಹೇಳಿದ್ದ: "ಹಲಗೆ ಸವೆದು ಹಪ್ಪಳ ಆಗಿದೆ ಪುಟ್ಟಿ. ಇನ್ನೊಂದೇ ಒಂದು ಸಲ ಉಜ್ಜೋಕಾಗೋದು. ಅದರ ಮೇಲೆ ಉಜ್ಜಿದ್ರೆ ಸ್ಕ್ರೂ ತಲೆ ಎತ್ತುತ್ತೆ, ನೀರು ಇಳಿಯುತ್ತೆ, ಡೆಕ್ ಸತ್ತ ಹಾಗೇ." ಆ ಒಂದು ಸಲವನ್ನು ಅವಳು ಕೈಯಲ್ಲೇ, ಉಪ್ಪುಕಾಗದ ಹಿಡಿದು, ಮಂಡಿ ಸುಲಿಯುವವರೆಗೂ ಮಾಡಿ ಮುಗಿಸಿದ್ದಳು. ಇವತ್ತು ಎಣ್ಣೆ ಬಳಿಯುವುದಷ್ಟೇ ಬಾಕಿ ಇತ್ತು.

"ಹೋಗ್ಲಿ ಬಿಡೇ, ಪಾಪ, ಒಳ್ಳೇದಕ್ಕೇ ಮಾಡಿದ್ರು," ಎಂದಳು ಅಕ್ಕ.

"ನಿಮ್ಮ ಒಳ್ಳೇದಕ್ಕಿಷ್ಟು ಬೆಂಕಿ ಹಾಕ! ಹೇಳದೆ ಕೇಳದೆ ಬರೋ ಒಳ್ಳೇದು ಯಾರಿಗೆ ಬೇಕಾಗಿತ್ತು?"

"ಇಷ್ಟಕ್ಕೆಲ್ಲ ರಂಪ ಯಾಕೆ? ಮೆಷಿನ್ ಒಂದ್ಸಲ ಓಡಿಸಿದ್ರೆ ಎಲ್ಲಾ ಮಾಯ," ಎಂದು ಭಾವ ಉಜ್ಜುವ ಯಂತ್ರ ಹಿಡಿದು ಮೇಲೆ ಹತ್ತಿಯೇಬಿಟ್ಟರು. ಅವಳು ಬೇಡ ಬೇಡ ಎನ್ನುವಷ್ಟರಲ್ಲಿ ಗುರ್ರ್ ಎಂದಿತು.

"ಏಯ್! ತೆಗಿ ಕೈ!"

ಅವಳ ಬಾಯಿಂದ ಭಾವನಿಗೆ ಏಕವಚನ ಬಿದ್ದದ್ದು ಇದೇ ಮೊದಲು. ಅವಳು ಹಾರಿ ಪ್ಲಗ್ ಕಿತ್ತಳು. ಹಾಯಿಕಂಬದ ಬುಡದಲ್ಲಿ, ಅಂಗೈಯಗಲ ಬಿಳಿಚಿಕೊಂಡ ಮರದ ನಡುವೆ, ಒಂದು ಹಿತ್ತಾಳೆಯ ಸ್ಕ್ರೂ ತಲೆ ಮಿರಮಿರ ಮಿಂಚುತ್ತಿತ್ತು.

ಭಾವ ಅದನ್ನು ಬೆರಳಿಂದ ಮುಟ್ಟಿ ನೋಡಿದರು. ಯಂತ್ರವನ್ನು ಪಕ್ಕಕ್ಕಿಟ್ಟರು.

ಅವಳು ಡೆಕ್ಕಿನಂಚಿನಲ್ಲಿದ್ದ ಅಕ್ಕನ ಚೀಲದಿಂದ ಹೊಲಿಗೆ ಡಬ್ಬಿ ಎಳೆದು, ಎರಡು ಸೂಜಿ ತೆಗೆದು, ಒಂದನ್ನು ಭಾವನ ಅಂಗೈಗೆ ಒತ್ತಿದಳು. "ಒಂದೊಂದೇ ಚುಕ್ಕೆ. ಕಬ್ಬಿಣದ ಚೂರು ಮಾತ್ರ ಬರ್ಬೇಕು, ಮರ ಅಲ್ಲ. ಆ ತುದಿಯಿಂದ ನೀವು, ಈ ತುದಿಯಿಂದ ನಾನು."

"ಇಡೀ ಡೆಕ್ಕಾ?"

"ನಿನ್ನೆ ಉಜ್ಜುವಾಗ ಅರ್ಧಕ್ಕೆ ನಿಲ್ಸಿದ್ರಾ?"

ಕೆಳಗಿದ್ದ ಅಕ್ಕನಿಗೆ ನಗು ತಡೆಯಲಾಗಲಿಲ್ಲ. ಇವಳು ತಿರುಗಿ ನೋಡಿದ ನೋಟಕ್ಕೆ ಆ ನಗು ಗಂಟಲಲ್ಲೇ ಉಳಿಯಿತು. "ನೀನೂ ಬಾ. ಡಬ್ಬಿಲಿ ಇನ್ನೂ ಸೂಜಿ ಇದೆ."

ಬಿಸಿಲು ನೆತ್ತಿಗೆ ಬಂದರೂ ಮೂವರೂ ಬಗ್ಗಿದ್ದವರು ಬಗ್ಗಿಯೇ ಇದ್ದರು. ಭಾವ ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. "ಆ ಸ್ಕ್ರೂ ಮೇಲೆ ಏನಾದ್ರೂ ಮೆತ್ತಿ ಮುಚ್ಚೋಣ್ವಾ?"

"ನಾನೇ ಮುಚ್ತೀನಿ. ನೀವು ಅದರ ಹತ್ರ ಸುಳೀಬೇಡಿ."

"ಸಿಟ್ಟು ಇನ್ನೂ ಇಳಿದಿಲ್ವಾ?"

"ಚುಕ್ಕೆ ಇಳಿದಿದೆಯಾ? ಮಾತಾಡ್ಬೇಡಿ. ಕೀಳಿ."